ಮದುವೆ ಸೀಸನ್‌ನಲ್ಲಿ ಸಿ ಡ್ರೈವ್ ಯಾಕೆ ಕೆಂಪಾಗುತ್ತದೆ

ಮೇ ತಿಂಗಳ ಮುಹೂರ್ತಗಳು ಮುಗಿಯುವ ಹೊತ್ತಿಗೆ ಬಳ್ಳಾರಿ, ಸಿರುಗುಪ್ಪ, ಸಂಡೂರಿನ ಸ್ಟುಡಿಯೋದವರದ್ದು ಒಂದೇ ಗೋಳು: ‘ಫುಟೇಜ್ ಎಲ್ಲಾ ಡಿ ಡ್ರೈವ್‌ಗೇ ಹಾಕ್ತೀವ್ರೀ, ಸಿ ಡ್ರೈವ್ ಯಾಕ ಫುಲ್ ಆಗ್ತದ?’ ಸಿ ಡ್ರೈವ್ ತುಂಬಿಸುತ್ತಿರುವುದು ಫುಟೇಜ್ ಅಲ್ಲ, ಅದರಿಂದ ಹುಟ್ಟಿದ ಕ್ಯಾಶ್, ಅಂದರೆ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಳ್ಳುವ ಫೈಲುಗಳು.

ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್ ಪ್ರೊಗೆ ಕ್ಲಿಪ್ ಹಾಕಿದ ಕೂಡಲೇ ಕೆಳಗೆ ಬಲಗಡೆ ಒಂದು ಪಟ್ಟಿ ಓಡುತ್ತದಲ್ಲ, ಆಗ ಕ್ಯಾಮೆರಾದ ಕಂಪ್ರೆಸ್ ಆದ ಆಡಿಯೋವನ್ನು ಬಿಚ್ಚಿ, 32 ಬಿಟ್‌ನ ಹೊಸ ಫೈಲ್ ಮಾಡಿಕೊಳ್ಳುತ್ತಿರುತ್ತದೆ. ಅದೇ ಸಿಎಫ್‌ಎ ಫೈಲ್. ಲೆಕ್ಕ ಹಾಕಿ: ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದಕ್ಕೆ 4 ಬೈಟ್, ಎರಡು ಚಾನೆಲ್. ಗಂಟೆಗೆ ಸುಮಾರು 1.4 ಜಿಬಿ. ಅರಿಶಿನದಿಂದ ಆರತಕ್ಷತೆವರೆಗೆ ಮೂರು ಕ್ಯಾಮೆರಾದ್ದು ಸೇರಿ 15 ಗಂಟೆ ಫುಟೇಜ್ ಇದ್ದರೆ 20 ಜಿಬಿ ದಾಟಿತು. ಐದು ಮದುವೆಗೆ 100 ಜಿಬಿ. 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸೂ ಇರಬೇಕಲ್ಲ! ಕಂಪ್ರೆಸ್ ಆಗದ ವೇವ್ ಆಡಿಯೋಗೆ ಸಾಮಾನ್ಯವಾಗಿ ಈ ಖರ್ಚು ಬೀಳುವುದಿಲ್ಲ.

ತಾನಾಗಿ ಅಳಿಸುವ ವ್ಯವಸ್ಥೆ ಪ್ರೀಮಿಯರ್‌ನಲ್ಲೇ ಇದೆ, ಆದರೆ ನಾವೇ ಆನ್ ಮಾಡಬೇಕು. ಎಡಿಟ್, ಪ್ರಿಫರೆನ್ಸಸ್, ಮೀಡಿಯಾ ಕ್ಯಾಶ್‌ಗೆ ಹೋಗಿ. ಮೊದಲು ಬ್ರೌಸ್ ಒತ್ತಿ ಜಾಗವನ್ನು ಬೇರೆ ಎಸ್‌ಎಸ್‌ಡಿಗೆ ಬದಲಿಸಿ. ಆಗಾಗ ಕಿತ್ತು ಹಾಕುವ ಯುಎಸ್‌ಬಿ ಡಿಸ್ಕ್ ಬೇಡ. ಡ್ರೈವ್ ಅಕ್ಷರ ಬದಲಾದರೆ ಎಲ್ಲಾ ಮತ್ತೆ ಮೊದಲಿನಿಂದ. ಕೆಳಗೆ ಎರಡು ಆಯ್ಕೆ ಇವೆ: ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸು, ಇಲ್ಲವೇ ಇಷ್ಟು ಜಿಬಿ ದಾಟಿದರೆ ಅಳಿಸು. ಸೀಸನ್‌ನಲ್ಲಿ ಕೆಲಸ ಒಂದರ ಮೇಲೊಂದು ಬೀಳುವುದರಿಂದ ಜಿಬಿ ಮಿತಿಯೇ ವಾಸಿ.

ಅಲ್ಲೇ, ಕ್ಯಾಶ್ ಫೈಲನ್ನು ಮೂಲ ಕ್ಲಿಪ್ಪಿನ ಪಕ್ಕದಲ್ಲೇ ಇಡುವ ಒಂದು ಟಿಕ್ ಇದೆ. ಅದನ್ನು ಹಾಕಲೇಬೇಡಿ. ಅಲ್ಲಿ ಬಿದ್ದ ಫೈಲುಗಳನ್ನು ಆಟೋ ಡಿಲೀಟ್ ಮುಟ್ಟುವುದಿಲ್ಲ. ರಾ ಫುಟೇಜ್ ಕೇಳಿದ ಪಾರ್ಟಿಗೆ ಕೊಡುವ ಪೆನ್‌ಡ್ರೈವ್‌ಗೂ ಅವು ಕಾಪಿ ಆಗಿ ಹೋಗುತ್ತವೆ, ಆಮೇಲೆ ‘ಈ ಫೈಲ್ ಓಪನ್ ಆಗವಲ್ದು’ ಅಂತ ಫೋನ್.

ಈಗಾಗಲೇ ತುಂಬಿಹೋಗಿದ್ದರೆ ಪ್ರೀಮಿಯರ್ ಮುಚ್ಚಿ. ಸಿ ಡ್ರೈವ್‌ನ ಯೂಸರ್ಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್, ಅದರ ಆಪ್‌ಡೇಟಾದ ಒಳಗೆ ರೋಮಿಂಗ್, ಅಡೋಬಿ, ಕಾಮನ್, ಅಲ್ಲಿ ಮೀಡಿಯಾ ಕ್ಯಾಶ್ ಫೈಲ್ಸ್ ಫೋಲ್ಡರ್. ಆಪ್‌ಡೇಟಾ ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಒಳಗಿದ್ದದ್ದನ್ನೆಲ್ಲ ಅಳಿಸಿದರೂ ಮೂಲ ಫುಟೇಜ್‌ಗೆ ಏನೂ ಆಗದು. ಹಳೆ ಪ್ರಾಜೆಕ್ಟ್ ತೆರೆದಾಗ ಮತ್ತೆ ಕಟ್ಟಿಕೊಳ್ಳುವವರೆಗೆ ಕಾಯಬೇಕು, ಅಷ್ಟೇ. ಆಟೋ ಸೇವ್ ಫೋಲ್ಡರ್ ಮಾತ್ರ ಕ್ಯಾಶ್ ಅಲ್ಲ, ಅದಕ್ಕೆ ಕೈ ಹಾಕಬೇಡಿ. ಟೈಮ್‌ಲೈನ್ ರೆಂಡರ್ ಮಾಡಿದಾಗ ಹುಟ್ಟುವ ಪ್ರಿವ್ಯೂ ಫೈಲುಗಳೂ ಬೇರೆ. ಅವನ್ನು ಸೀಕ್ವೆನ್ಸ್ ಮೆನುವಿನ ಡಿಲೀಟ್ ರೆಂಡರ್ ಫೈಲ್ಸ್‌ನಿಂದ ತೆಗೆಯಿರಿ.

ಫೋಟೋಶಾಪ್‌ದು ಇನ್ನೊಂದು ಕಥೆ. 12×36 ಇಂಚಿನ ಆಲ್ಬಮ್ ಶೀಟ್ 300 ಡಿಪಿಐಗೆ 3600×10800 ಪಿಕ್ಸೆಲ್. ಒಂದೇ ಲೇಯರ್‌ಗೆ ಸುಮಾರು 117 ಎಂಬಿ. ಲೇಯರ್, ಹಿಸ್ಟರಿ ಸೇರಿ ರ‍್ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಟೆಂಪ್ ಫೈಲ್ ಬೆಳೆಯುತ್ತದೆ. ಸರಿಯಾಗಿ ಮುಚ್ಚಿದರೆ ತಾನೇ ಅಳಿಸಿಕೊಳ್ಳುತ್ತದೆ, ಆದರೆ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಹೀಗೆ ಉಳಿದವು ಹತ್ತಾರು ಜಿಬಿ ಆಗಬಹುದು. ಫೋಟೋಶಾಪ್ ಮುಚ್ಚಿ, ಆಪ್‌ಡೇಟಾದ ಲೋಕಲ್, ಟೆಂಪ್ ಒಳಗೆ ‘ಫೋಟೋಶಾಪ್ ಟೆಂಪ್’ ಎಂದು ಶುರುವಾಗುವ ಫೈಲುಗಳನ್ನು ಅಳಿಸಿ. ಸ್ಕ್ರ್ಯಾಚ್ ಡಿಸ್ಕ್ (ಈ ಟೆಂಪ್ ಫೈಲ್ ಕೂರುವ ಡ್ರೈವ್) ಫುಲ್ ಎಂದು ಫೋಟೋಶಾಪ್ ತೆರೆಯಲೇ ಒಪ್ಪದಿದ್ದರೆ, ಶುರುವಾಗುವಾಗ ಕಂಟ್ರೋಲ್, ಆಲ್ಟ್ ಒಟ್ಟಿಗೆ ಒತ್ತಿ ಹಿಡಿದು ಬೇರೆ ಡ್ರೈವ್ ಕೊಡಿ.

ಒಂದೇ ಕ್ಲಿಕ್ಕಿಗೆ ಎಲ್ಲಾ ಸಾಫ್ ಮಾಡುತ್ತೇವೆನ್ನುವ ಕ್ಲೀನರ್‌ಗಳು ಇದಕ್ಕೆಲ್ಲ ಬೇಕಾಗಿಲ್ಲ. ಮಿತಿ ಹಾಕದ ಹೊರತು ಮುಂದಿನ ಮದುವೆಗೇ ಡ್ರೈವ್ ಮತ್ತೆ ತುಂಬುತ್ತದೆ.

ಪ್ರೀಮಿಯರ್ ಬದಲು ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವವರು ಪ್ಲೇಬ್ಯಾಕ್ ಮೆನುವಿನಲ್ಲಿ ಡಿಲೀಟ್ ರೆಂಡರ್ ಕ್ಯಾಶ್, ಆಲ್ ಒತ್ತಿದರೆ ಸಾಕು. ಆದರೆ ಇದನ್ನು ಪ್ರಾಜೆಕ್ಟ್ ಅಳಿಸುವ ಮೊದಲೇ ಮಾಡಿ.