ಸೊನ್ನೆಗಳ ಪಂಕ್ತಿ

ಗದಗಿನಲ್ಲಿ ಬೆಳೆದವರಿಗೆ ಪ್ರಿಂಟಿಂಗ್ ಪ್ರೆಸ್ ಹೊಸದಲ್ಲ. ಪುಸ್ತಕ, ಲಗ್ನಪತ್ರಿಕೆ, ರಸೀದಿ ಬುಕ್ಕು, ನಾಟಕದ ಹ್ಯಾಂಡ್‌ಬಿಲ್ಲು ಎಲ್ಲ ಇಲ್ಲಿ ಅಚ್ಚಾಗಿ ಊರೂರಿಗೆ ಹೋಗುತ್ತಿದ್ದವು. ನಮ್ಮ ಕಾಕಾ ಅಂಥದೊಂದು ಪ್ರೆಸ್ಸಿನಲ್ಲಿ ಕಂಪೋಜಿಟರ್, ಅಂದರೆ ಅಚ್ಚಿನ ಮೊಳೆ (ಸೀಸದ ಅಕ್ಷರ) ಒಂದೊಂದಾಗಿ ಜೋಡಿಸಿ ಸಾಲು ಕಟ್ಟುವವರು. 1980ರ ದಶಕದ ಕೊನೆಯ ಮಾತು. ಬೇಸಿಗೆ ಸೂಟಿಯಲ್ಲಿ ಅವರಿಗೆ ಬುತ್ತಿ ಕೊಟ್ಟು ಬರುವ ಕೆಲಸ ನನ್ನದು ಮತ್ತು ಅವರ ಮಗಳದು. ನನಗಿಂತ ಎರಡು ವರ್ಷ ದೊಡ್ಡವಳು, ಅಕ್ಕ ಅಂತಿದ್ದೆ. ಬುತ್ತಿ ಕೊಟ್ಟಮೇಲೆ ಸೀದಾ ಮನೆಗೆ ಬರಬೇಕಿತ್ತು. ಬರುತ್ತಿರಲಿಲ್ಲ.

ಮೊಳೆಗಳನ್ನು ಖಾನೆ ಖಾನೆಯಾಗಿ ಇಡುವ ಕೇಸ್ ಮುಟ್ಟುವಂತಿರಲಿಲ್ಲ. ಇಂಗ್ಲಿಷಿಗೆ ಎರಡು ಕೇಸ್ ಸಾಕು. ಕನ್ನಡಕ್ಕೆ ಹಾಗಲ್ಲ. ಕ, ಕಿ, ಕೆ ಅಂತ ಬೇರೆ ಬೇರೆ ಮೊಳೆ, ಒತ್ತಕ್ಷರಕ್ಕೆ ಮತ್ತೆ ಬೇರೆ. ಒಂದು ಮೊಳೆ ತಪ್ಪು ಖಾನೆಗೆ ಬಿದ್ದರೆ ಕಾಕಾನ ಅರ್ಧ ದಿನ ಹಾಳು. ನಮಗೆ ಬಿಟ್ಟಿದ್ದು ಮೂಲೆಯ ಒಂದು ತಗಡಿನ ಡಬ್ಬಿ. ಸವೆದದ್ದು, ಬಿದ್ದು ಮೂಲೆ ಮುರಿದದ್ದು, ಇನ್ನು ಕರಗಿಸೋಕೆ ಹೋಗಬೇಕಾದ ಮೊಳೆಗಳೆಲ್ಲ ಅದರಲ್ಲಿ. (ಸೀಸ ಅಲ್ವಾ, ಇವತ್ತಾದರೆ ಯಾರೂ ಮಕ್ಕಳ ಕೈಗೆ ಕೊಡಲ್ಲ, ಕೊಡಲೂಬಾರದು.)

ಆ ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಷಿನ್ ನಿಂತು ಪ್ರೆಸ್ಸಿನವರೆಲ್ಲ ಚಹಾಕ್ಕೆ ಹೊರಗೆ ಹೋಗಿದ್ದರು. ನಾವು ಗೊಂಬೆ ಮದುವೆಗೆ ಲಗ್ನಪತ್ರಿಕೆ ಮಾಡೋಣ ಅಂತ ಕೂತೆವು. ಪತ್ರಿಕೆಯಲ್ಲಿ ನಮಗೆ ಮುಖ್ಯ ಅನ್ನಿಸಿದ್ದು ಒಂದೇ ಸಾಲು: ‘ಊಟಕ್ಕೆ ಬರ್ರಿ’. ಆದರೆ ಡಬ್ಬಿ ಪೂರ್ತಿ ಹುಡುಕಿದರೂ ‘ಊ’ ಸಿಗಲಿಲ್ಲ. ಯಾಕೆ ಅಂತ ಈಗ ಗೊತ್ತು. ಜಾಸ್ತಿ ಬಳಸುವ ಅಕ್ಷರ ಬೇಗ ಸವೆಯುತ್ತದೆ, ಬೇಗ ಡಬ್ಬಿಗೆ ಬರುತ್ತದೆ. ‘ನ’, ‘ದ’, ‘ರ’ ಎಷ್ಟು ಬೇಕಾದರೂ ಇದ್ದವು. ‘ಊ’ ಅಪರೂಪದ್ದು, ಅದಿನ್ನೂ ಕೇಸಿನಲ್ಲಿ ಹೊಸದಾಗಿ ಕೂತಿತ್ತು.

ನಾನು ಕೇಸಿನಿಂದ ಒಂದು ಕದಿಯೋಣ ಅಂದೆ. ಅಕ್ಕ ಒಪ್ಪಲಿಲ್ಲ. ಡಬ್ಬಿಯೊಳಗೆ ಬೆರಳಾಡಿಸುತ್ತಾ ಕೂತಿದ್ದಳು. ಆಮೇಲೆ ಒಂದೊಂದೇ ಸೊನ್ನೆ ಆರಿಸತೊಡಗಿದಳು. ಕನ್ನಡದಲ್ಲಿ ಸೊನ್ನೆ ಇಲ್ಲದ ಸಾಲು ಎಲ್ಲಿದೆ? ಸವೆದ ಸೊನ್ನೆ ಡಬ್ಬಿ ತುಂಬ ಇದ್ದವು. ಅವನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿದಳು.

“ಇದೇನಬೇ?” ಅಂದೆ.

“ತಾಟು. ಪಂಕ್ತಿ ಹಾಕೀನಿ. ಊಟ ಅಂತ ಬರಿಯೂದ್ ಯಾಕ ಬೇಕು?”

ಕೆಳಗೆ ‘ಬಾ’ ಅಂತ ಒಂದೇ ಅಕ್ಷರ ಇಟ್ಟೆವು. ದಾರ ಸುತ್ತಿ, ಬೆರಳಿನಿಂದ ಶಾಯಿ ಬಳಿದು, ಕಟಿಂಗ್ ಮಷಿನ್ ಕೆಳಗೆ ಬಿದ್ದಿದ್ದ ಹಳದಿ ಕಾಗದದ ಪಟ್ಟಿಗಳ ಮೇಲೆ ಒತ್ತಿದೆವು. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ‘ಬಾ’ ಕೂಡಿಸೋಕೆ ತಿಣುಕಿದೆವು. ಸೊನ್ನೆಗೆ ಆ ತಾಪತ್ರಯ ಇಲ್ಲ, ಹೇಗಿಟ್ಟರೂ ಸೊನ್ನೆಯೇ. ಕಾಕಾ ಬಂದು ನೋಡಿದರು. ಭೇಷ್ ಅನ್ನಲೂ ಇಲ್ಲ, ಬೈಯಲೂ ಇಲ್ಲ. “ಸೀಮಿಎಣ್ಣಿ ಹಚ್ಚಿ ತೊಳದಿಡ್ರಿ” ಅಂತ ಹೇಳಿ ತಮ್ಮ ಕೆಲಸಕ್ಕೆ ಹೋದರು.

ಈಗ ನಾನು ಪುಸ್ತಕಗಳಿಗೆ ಮುಖಪುಟ ಮಾಡಿ ಹೊಟ್ಟೆ ಹೊರೆಯುತ್ತೇನೆ. ಕಂಪ್ಯೂಟರಿನಲ್ಲಿ ನೂರಾರು ಫಾಂಟ್, ಲೆಕ್ಕವಿಲ್ಲದಷ್ಟು ಬಣ್ಣ. ಅಷ್ಟೆಲ್ಲ ಎದುರಿಗಿದ್ದಾಗ ನನಗೆ ಏನೂ ಹೊಳೆಯುವುದಿಲ್ಲ. ಎರಡು ಬಣ್ಣ, ಒಂದು ಫಾಂಟ್ ಅಂತ ನಾನೇ ಕಟ್ಟು ಹಾಕಿಕೊಳ್ಳುತ್ತೇನೆ. ಆಗ ಕೈ ಓಡುತ್ತದೆ. ಅಕ್ಷರವನ್ನು ಓದುವ ಮೊದಲು ಅದರ ಆಕಾರ ನೋಡುವ ಚಾಳಿಯೂ ಅಲ್ಲಿಂದಲೇ ಬಂದಿದ್ದು. ಆಟದಿಂದ ಕಲ್ಪನೆ ಬೆಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಕಲ್ಪನೆಗೆ ಕೆಲಸ ಹಚ್ಚಿದ್ದು ಆಟವಲ್ಲ, ಆಟದ ನಡುವೆ ಸಿಗದೇ ಹೋದ ಆ ‘ಊ’.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಚಿಕ್ಕವನಿದ್ದಾಗ ಅವನ ತಾಯಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಫ್ರೋಬೆಲ್ ಮಾದರಿಯ ಆಟದ ಸಾಮಾನು ನೋಡಿ, ಮಗನಿಗೆ ತಂದುಕೊಟ್ಟಳು. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಅದನ್ನು ರೂಪಿಸಿದ್ದ. ಚೆಂಡು, ಘನ, ಉರುಳೆ, ಇಂಥವೇ ಸಾದಾ ಮರದ ತುಂಡುಗಳು. ಆ ತುಂಡುಗಳು ತನ್ನ ಬೆರಳಲ್ಲಿ ಉಳಿದವು ಅಂತ ರೈಟ್ ಮುಪ್ಪಿನಲ್ಲೂ ನೆನೆಯುತ್ತಿದ್ದ. ಓದಿದಾಗ ಖುಷಿಯಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಅವನ ತಾಯಿ ಮಗ ವಾಸ್ತುಶಿಲ್ಪಿಯೇ ಆಗಬೇಕು ಅಂತ ಬಯಸಿದ್ದಳು. ನಮ್ಮ ಮೇಲೆ ಅಂಥ ಆಸೆ ಯಾರಿಗೂ ಇರಲಿಲ್ಲ. ನಾವು ಗದ್ದಲ ಮಾಡದಿದ್ದರೆ ಸಾಕಿತ್ತು. ಯಾರೂ ನೋಡದಿರುವಾಗ ಆಡುವ ಆಟಕ್ಕೆ ಒಂದು ಧೈರ್ಯ ಇರುತ್ತದೆ. ಈಗಿನ ಬೇಸಿಗೆ ಶಿಬಿರಗಳಲ್ಲಿ ಮಗು ಏನಾದರೂ ಮಾಡುವ ಮೊದಲೇ ಅಪ್ಪ ಫೋಟೋಕ್ಕೆ ಮೊಬೈಲ್ ಎತ್ತಿರುತ್ತಾನೆ.

ಅಂದಹಾಗೆ, ಆ ಹೊಳಹು ಅಕ್ಕನದು, ನನ್ನದಲ್ಲ. ಹೆಸರಿನ ಮುಂದೆ ಕಲಾವಿದ ಅಂತ ಹಾಕಿಸಿಕೊಂಡವನು ಮಾತ್ರ ನಾನು. ಅವಳು ಮದುವೆಯಾಗಿ ನರಗುಂದಕ್ಕೆ ಹೋದಳು, ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ಬಟ್ಟೆ ಕಮ್ಮಿ ಬಿದ್ದವರು ಬೇರೆ ಟೇಲರ್ ಬಿಟ್ಟು ಅವಳ ಹತ್ತಿರ ಬರುತ್ತಾರೆ. ತುಂಡಿಗೆ ತುಂಡು ಜೋಡಿಸಿ, ಜೋಡಿಸಿದ್ದೇ ಡಿಸೈನ್ ಅನ್ನುವ ಹಾಗೆ ತೋಳು ಕೂಡಿಸುತ್ತಾಳೆ. ಮೊನ್ನೆ ಹೋದಾಗ ಇದನ್ನೆಲ್ಲ ಬರೆಯುತ್ತೇನೆ ಅಂದೆ.

“ಬರಿ ತಮ್ಮಾ, ಯಾರ್ ಬ್ಯಾಡ ಅಂದಾರ? ಆದ್ರ ಅದನ್ನೂ ಹಾಕು. ಮೊಳಿ ತೊಳದಾಕಿ ನಾನೊಬ್ಬಾಕಿ, ನೀ ಓಡಿ ಹೋಗಿದ್ದಿ.”