ಇಷ್ಟು ವರ್ಷ ಕಷ್ಟ ಇದ್ದರೂ ನಂಬಿಕೆ ಹೇಗೆ ಉಳಿದಿದೆ?

"ವರ್ಷಗಟ್ಟಲೆ ಪ್ರಾರ್ಥನೆ ಮಾಡ್ತಾನೇ ಇದ್ದೀರಿ. ಏನೂ ಬದಲಾಗಿಲ್ಲ. ಆದರೂ ನಂಬಿಕೆ ಬಿಟ್ಟಿಲ್ಲವಲ್ಲ, ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ?"

ಪಾರ್ಶ್ವವಾಯು ಬಡಿದು ನನ್ನ ಗಂಡ ಹಾಸಿಗೆ ಹಿಡಿದಾಗಿನಿಂದ ಈ ಪ್ರಶ್ನೆ ಕೇಳದವರೇ ಕಡಿಮೆ. ಕೆಲವರು ಮರುಕದಿಂದ ಕೇಳುತ್ತಾರೆ. ಇನ್ನು ಕೆಲವರಿಗೆ ಉತ್ತರ ಬೇಕೇ ಬೇಕಾಗಿರುತ್ತದೆ. ಅವರ ಮನೆಯಲ್ಲೂ ಮುಗಿಯದ ಕಷ್ಟವೊಂದು ಇರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಸಿಗುವ ಶಕ್ತಿ ಆ ದಿನಕ್ಕೆ ಸಾಕಾಗುವಷ್ಟು ಮಾತ್ರ. ನಾಳೆಗೆ ಅಂತ ಏನೂ ಉಳಿಯುವುದಿಲ್ಲ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ ಸಂಗತಿ ಇದೆ. ಮನ್ನ ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ. ಅರಣ್ಯದಲ್ಲಿದ್ದ ಇಸ್ರಾಯೇಲ್ಯರು ಪ್ರತಿ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟನ್ನು ಕೂಡಿಸಿಕೊಳ್ಳಬೇಕಿತ್ತು. ನಾಳೆಗೆ ಇಟ್ಟುಕೊಂಡರೆ ಹುಳು ಬೀಳುತ್ತಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನಕ್ಕಾಗಿ ಮಾತ್ರ ಹಿಂದಿನ ದಿನ ಎರಡರಷ್ಟು ಸಿಗುತ್ತಿತ್ತು. ಹೀಗೆ ನಡೆದದ್ದು 40 ವರ್ಷ! ಆ ಲೆಕ್ಕದ ಮೇಲೆ ನನ್ನ ಮನಸ್ಸು ತುಂಬಾ ಸಲ ನಿಂತಿದೆ. 40 ವರ್ಷವೂ ಅವರು ಅರಣ್ಯದಲ್ಲೇ ಇದ್ದರು, 40 ವರ್ಷವೂ ಊಟ ಸಿಕ್ಕಿತು. ಯೇಸು ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳುವುದು ಅನುದಿನದ ಆಹಾರವನ್ನೇ ಅಲ್ವಾ? ಹಾಗಾಗಿ ಮುಂದಿನ ವರ್ಷ ಹೇಗೆ ಅಂತ ಯೋಚಿಸುವುದನ್ನು ಬಿಟ್ಟಿದ್ದೇನೆ. "ಕರ್ತನೇ, ಇವತ್ತಿಗೆ ಕೊಡು" ಅಂತ ಕೇಳುತ್ತೇನೆ. ಕೇಳಿದ ತಕ್ಷಣ ಮೈಯಲ್ಲಿ ಹುರುಪೇನೂ ಬರುವುದಿಲ್ಲ. ಆದರೆ ನಡುರಾತ್ರಿ ಮತ್ತೆ ಹಾಸಿಗೆ ಬಟ್ಟೆ ಬದಲಿಸುವಾಗ ಕೈ ಒರಟಾಗುವುದಿಲ್ಲ, ಬಾಯಿಂದ ಕೆಟ್ಟ ಮಾತು ಹೊರಡುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು. ಆ ತಾಳ್ಮೆ ನನ್ನದಲ್ಲ.

ಇನ್ನೊಂದು ವಿಷಯ. ದೇವರ ಮುಂದೆ ನಾನು ಚೆನ್ನಾಗಿ ಅಳುತ್ತೇನೆ, ಜಗಳವನ್ನೂ ಆಡುತ್ತೇನೆ. ಇದು ಕೆಲವರಿಗೆ ಅವಿಶ್ವಾಸದ ಹಾಗೆ ಕಾಣುತ್ತದೆ. ಅಂಥವರು ಸತ್ಯವೇದದ 13ನೇ ಕೀರ್ತನೆ ತೆಗೆದು ನೋಡಲಿ. ಮೊದಲ ಎರಡು ವಚನಗಳಲ್ಲೇ "ಇನ್ನೆಷ್ಟರವರೆಗೆ" ಅಂತ ನಾಲ್ಕು ಸಲ ಕೇಳಲಾಗಿದೆ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರವಾದರೂ ಇರಬಹುದೆಂದು ಹುಡುಕಿದರೆ ಸಿಗುವುದಿಲ್ಲ. ಆದರೂ ಅದು ಸತ್ಯವೇದದಲ್ಲಿದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ, ನನ್ನ ದೇವರೇ, ಯಾಕೆ ಕೈಬಿಟ್ಟೆ ಅಂತ. ನನ್ನ ರಕ್ಷಕನೇ ಹಾಗೆ ಕೇಳಿರುವಾಗ ನಾನು ಸುಮ್ನೆ ನಗುಮುಖ ಹಾಕಿಕೊಂಡು ಕೂರಬೇಕಾಗಿಲ್ಲ. ನನಗೆ ಜಾಸ್ತಿ ಬಲ ಸಿಕ್ಕಿರುವುದು ಹೀಗೆ ಅತ್ತ ರಾತ್ರಿಗಳಲ್ಲೇ.

"ನಿಮ್ಮ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಿಲ್ಲ" ಅನ್ನುವವರೂ ಇದ್ದಾರೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲಿ ಎಂದು ಮೂರು ಸಲ ಬೇಡಿಕೊಂಡನು. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಶೂಲ ಹೋಗಲಿಲ್ಲ. ಪೌಲನ ನಂಬಿಕೆ ಕಡಿಮೆಯಿತ್ತು ಅಂತ ಯಾರಾದರೂ ಹೇಳುತ್ತಾರಾ? ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಇಬ್ಬರೂ ಅಲ್ಲ ಅಂತ ಯೇಸುವೇ ಹೇಳಿದ್ದಾನೆ. ನೊಂದವರಿಗೆ ಉಪದೇಶ ಮಾಡುವ ಮೊದಲು ಯೋಹಾನನ ಸುವಾರ್ತೆಯ 9ನೇ ಅಧ್ಯಾಯವನ್ನು ಒಮ್ಮೆ ಓದಿ, ದಯವಿಟ್ಟು.

ಸತ್ಯವೇದದ ಪ್ರವಾದಿ ಎಲೀಯನ ಬಗ್ಗೆಯೂ ಹೇಳಲೇಬೇಕು. ಸಾಕಾಗಿಹೋಗಿ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡು ಅವನು ಮಲಗಿಬಿಟ್ಟನು. ದೇವದೂತನು ಬಂದು ಬೈಯಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಅವನು ಮತ್ತೆ ಮಲಗಿದನು. ಮತ್ತೆ ಎಬ್ಬಿಸಿ ಊಟ ಕೊಟ್ಟನು. ನನಗೂ ಎಷ್ಟೋ ಸಲ ದೇವರ ಸಹಾಯ ಬಂದಿರುವುದು ಹೀಗೇ. ನಮ್ಮ ಚರ್ಚ್ ಸಭೆಯ ಒಬ್ಬ ಅಕ್ಕ ಬಂದು, "ನೀನು ಹೋಗಿ ಮಲಗು, ನಾನು ಇವರನ್ನು ನೋಡ್ಕೋತೀನಿ" ಅನ್ನುತ್ತಾರೆ. ವಚನ ಹೇಳುವುದಿಲ್ಲ, ಕಾರಣ ಹುಡುಕುವುದಿಲ್ಲ. ಆ ಎರಡು ಗಂಟೆಯ ನಿದ್ದೆ ನನಗೆ ಕೃಪೆಯೇ. ಬದುಕೇ ಬೇಡ ಅನ್ನಿಸುವಷ್ಟು ಸೋತಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಹತ್ತಿರವೂ ಹೋಗಿ. ಹೋದರೆ ನಂಬಿಕೆಗೆ ಏನೂ ಕುಂದಿಲ್ಲ.

ಕೊನೆಗೆ ಎಲ್ಲರೂ ಮೆಲ್ಲಗೆ ಕೇಳುವುದು ಇದನ್ನು: "ಅವರು ವಾಸಿಯಾಗಲಿ ಅಂತ ಈಗಲೂ ಬೇಡ್ತೀರಾ?" ಹೌದು, ದಿನಾಲೂ. ಪೌಲನಿಗೆ ಬಂದ ಹಾಗೆ ಸ್ಪಷ್ಟವಾದ ಉತ್ತರ ನನಗಿನ್ನೂ ಬಂದಿಲ್ಲ. ಬರುವ ತನಕ ಕೇಳುತ್ತಲೇ ಇರುತ್ತೇನೆ. ಫಿಸಿಯೋಥೆರಪಿಯನ್ನೂ ಬಿಟ್ಟಿಲ್ಲ.