ಗಾಜಿನೊಳಗಿರುವ ವಾಚು ಮಾರಾಟಕ್ಕಿಲ್ಲ

ಹತ್ತು ಲಕ್ಷ ಕೈಯಲ್ಲಿ ಹಿಡಿದು ಹೋದರೂ ಶೋರೂಮಿನಲ್ಲಿ ಒಂದು ಸ್ಟೀಲ್ ರೋಲೆಕ್ಸ್ ಸಿಗುವುದಿಲ್ಲ ಎಂದರೆ ಹೊಸಬರು ನಂಬುವುದಿಲ್ಲ. ಗಾಜಿನೊಳಗೆ ಸಬ್‌ಮರೀನರ್ ಇದೆ, ಜಿಎಂಟಿ ಮಾಸ್ಟರ್ ಇದೆ, ಪಕ್ಕದಲ್ಲಿ 'ಪ್ರದರ್ಶನಕ್ಕೆ ಮಾತ್ರ' ಎಂಬ ಚಿಕ್ಕ ಫಲಕವೂ ಇದೆ. ಕೈಗೆ ಹಾಕಿ ನೋಡಬಹುದು, ಫೋಟೊ ತೆಗೆದುಕೊಳ್ಳಬಹುದು, ಕೊಳ್ಳುವಂತಿಲ್ಲ. "ಹೆಸರು ಬರೆಸಿ ಹೋಗಿ ಸರ್, ಬಂದಾಗ ಫೋನ್ ಮಾಡ್ತೀವಿ" ಎನ್ನುತ್ತಾರೆ. ಆನ್‌ಲೈನ್ ದಾರಿಯೂ ಇಲ್ಲ. ಡೀಲರುಗಳು ಆನ್‌ಲೈನಿನಲ್ಲಿ ಮಾರದಂತೆ ತಡೆದಿದ್ದಕ್ಕೆ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2023ರ ಡಿಸೆಂಬರಿನಲ್ಲಿ ರೋಲೆಕ್ಸ್ ಫ್ರಾನ್ಸ್‌ಗೆ 9.16 ಕೋಟಿ ಯೂರೊ ದಂಡ ಹಾಕಿದ್ದುಂಟು.

ಹೆಸರು ಬರೆಸುವುದಕ್ಕೆ ವೇಟಿಂಗ್ ಲಿಸ್ಟ್ ಅನ್ನುತ್ತಾರಲ್ಲ, ತಪ್ಪು ತಿಳಿವಳಿಕೆ ಹುಟ್ಟುವುದೇ ಅಲ್ಲಿ. ರೈಲಿನ ವೇಟಿಂಗ್ ಲಿಸ್ಟಿನಲ್ಲಿ ನಿಮ್ಮದು 14ನೇ ನಂಬರಾಗಿದ್ದರೆ ನಾಳೆ 9 ಆಗುತ್ತದೆ, ಕೊನೆಗೆ ಚಾರ್ಟ್ ಬರುತ್ತದೆ. ಇಲ್ಲಿ ನಂಬರೂ ಇಲ್ಲ, ಚಾರ್ಟೂ ಇಲ್ಲ. ಇರುವುದು ಆಸಕ್ತರ ಒಂದು ಪಟ್ಟಿ, ಅದರಲ್ಲಿ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಒಬ್ಬ ಮ್ಯಾನೇಜರ್. ನಿನ್ನೆ ಬಂದವನಿಗೆ ಮುಂದಿನ ವಾರ ಸಿಗಬಹುದು, ಮೂರು ವರ್ಷದಿಂದ ಕಾಯುತ್ತಿರುವವನಿಗೆ ಸಿಗದೆಯೂ ಹೋಗಬಹುದು.

ಮ್ಯಾನೇಜರ್ ನೋಡುವುದು ಮುಖ್ಯವಾಗಿ ಎರಡು ವಿಷಯ. ಒಂದು, ನೀವು ಆ ಅಂಗಡಿಯಲ್ಲಿ ಈವರೆಗೆ ಎಷ್ಟು ಖರ್ಚು ಮಾಡಿದ್ದೀರಿ. ಇನ್ನೊಂದು, ವಾಚನ್ನು ನೀವೇ ಕಟ್ಟುತ್ತೀರೋ ಮರುದಿನವೇ ಮಾರುತ್ತೀರೋ. ಎರಡನೆಯದರ ಬಗ್ಗೆ ಅವರಿಗಿರುವುದು ನಿಜವಾದ ಭಯವೇ. ತಾನು ಮಾರಿದ ವಾಚು ಹೊಸ ಡಬ್ಬಿಯಲ್ಲೇ, ಅಧಿಕೃತ ಅಂಗಡಿಗಳ ಹೊರಗೆ ಮರುಮಾರಾಟ ನಡೆಯುವ ಗ್ರೇ ಮಾರ್ಕೆಟ್‌ಗೆ ಬಂದರೆ ಸೀರಿಯಲ್ ನಂಬರಿನಿಂದ ಯಾವ ಅಂಗಡಿಯ ಮಾಲು ಎಂದು ಪತ್ತೆಯಾಗುತ್ತದೆ, ಕಂಪನಿಯ ಮುಂದೆ ಉತ್ತರ ಹೇಳಬೇಕಾದವನು ಡೀಲರ್. ಸ್ಟಿಕ್ಕರುಗಳನ್ನೆಲ್ಲ ನಿಮ್ಮೆದುರೇ ಕಿತ್ತು ಕೊಡುವುದು ಇದೇ ಕಾರಣಕ್ಕೆ.

ಮೊದಲನೆಯ ವಿಷಯಕ್ಕೆ 'ಪ್ರೊಫೈಲ್' ಎಂಬ ಮರ್ಯಾದೆಯ ಹೆಸರಿದೆ. ಅಂಗಡಿಯಲ್ಲಿ ಕೂತೇ ಇರುವ ಬೇರೆ ಬ್ರ್ಯಾಂಡಿನ ವಾಚು, ವಜ್ರದ ಕಿವಿಯೋಲೆ, ಉಂಗುರ ಇಂಥವನ್ನು ಮೊದಲು ಕೊಂಡರೆ ನಿಮ್ಮ ಹೆಸರು ಮೇಲೇರುತ್ತದೆ ಎಂಬ ಸೂಚನೆ. ಇದರ ನಿಜವಾದ ಬೆಲೆಯನ್ನು ಒಂದು ಉದಾಹರಣೆಯಲ್ಲಿ ನೋಡಿ. ಬೇಕಾದ ವಾಚು 10.5 ಲಕ್ಷದ್ದು. ಅದಕ್ಕಾಗಿ 4 ಲಕ್ಷದ ಒಡವೆ, 3 ಲಕ್ಷದ ಇನ್ನೊಂದು ವಾಚು ಕೊಂಡಿರಿ ಎನ್ನೋಣ. ಒಡವೆ ಮಾರಲು ಹೋದರೆ ಮಜೂರಿ, ಶೇ 3ರ ಜಿಎಸ್‌ಟಿ ಯಾವುದೂ ವಾಪಸ್ ಬರುವುದಿಲ್ಲ. ವಜ್ರಕ್ಕೆ ಕೊಟ್ಟ ದುಡ್ಡಿನಲ್ಲೂ ದೊಡ್ಡ ಪಾಲು ಹೋಗುತ್ತದೆ. ಒಡವೆಗೆ 2.2 ಲಕ್ಷ, ವಾಚಿಗೆ 1.9 ಲಕ್ಷ ಸಿಕ್ಕಿತು ಎಂದರೂ ನಷ್ಟ 2.9 ಲಕ್ಷ. ಅಲ್ಲಿಗೆ ನಿಮ್ಮ 'ಎಂಆರ್‌ಪಿ' ವಾಚಿನ ಬೆಲೆ 13.4 ಲಕ್ಷ. ಅದೇ ವಾಚು ಗ್ರೇ ಮಾರ್ಕೆಟ್‌ನಲ್ಲಿ 12.5ಕ್ಕೆ ಸಿಗುತ್ತಿದ್ದರೆ ಇಷ್ಟು ದಿನ ಮ್ಯಾನೇಜರಿಗೆ ನಮಸ್ಕಾರ ಹಾಕಿದ್ದು ಯಾಕೆ? ಮನೆಯವರಿಗೆ ಹೇಗೂ ಒಡವೆ ಕೊಳ್ಳುವುದಿತ್ತು ಎನ್ನುವವರ ಲೆಕ್ಕ ಬೇರೆ. ಉಳಿದವರು ಮೊದಲು ಈ ಕೂಡಿ ಕಳೆಯುವ ಕೆಲಸ ಮಾಡಿಕೊಳ್ಳಿ.

ಒಂದನ್ನು ಕೊಂಡರೇ ಇನ್ನೊಂದನ್ನು ಕೊಡುತ್ತೇವೆ ಎಂಬ ಷರತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿಯೇ. ಆದರೆ ಯಾವ ಅಂಗಡಿಯವರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. "ನಮ್ಮ ರೆಗ್ಯುಲರ್ ಕಸ್ಟಮರ್ಸ್‌ಗೆ ಪ್ರಿಫರೆನ್ಸ್ ಸರ್" ಎಂದು ನಕ್ಕು ಸುಮ್ಮನಾಗುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಬರೆದು ಕೇಳಿದರೆ "ಒಮ್ಮೆ ಶೋರೂಮಿಗೆ ಬನ್ನಿ" ಎನ್ನುತ್ತಾರೆ. ಬರಹದಲ್ಲಿ ಏನೂ ಸಿಗದೆ ದೂರು ನಿಲ್ಲುವುದು ಕಷ್ಟ.

ಹೆಸರು ಬರೆಸುವುದೇ ಆದರೆ ಸರಿಯಾಗಿ ಬರೆಸಿ. 'ಒಂದು ಸಬ್‌ಮರೀನರ್' ಎಂದರೆ ಸಾಲದು. ಡೇಟ್ ಇರುವ ಕಪ್ಪು ಸ್ಟೀಲ್ ಮಾಡೆಲ್ ಬೇಕಿದ್ದರೆ 126610ಎಲ್‌ಎನ್ ಎಂದು ರೆಫರೆನ್ಸ್ ನಂಬರ್ ಹೇಳಿ. ಡೇಟ್‌ಜಸ್ಟ್ ಎಂಬ ಮಾಡೆಲ್ ಆದರೆ ಸೈಜು, ಡಯಲ್ಲಿನ ಬಣ್ಣ, ಆಯ್ಸ್ಟರ್ ಚೈನೋ ಜುಬಿಲಿ ಚೈನೋ ಎಂಬುದನ್ನೂ ಹೇಳಿ. ಅದು ಸಿಗದಿದ್ದರೆ ಒಪ್ಪುವ ಇನ್ನೊಂದೆರಡು ಆಯ್ಕೆ ಇರಲಿ. ನೋಂದಣಿಯ ಇಮೇಲ್ ಕೇಳಿ ಪಡೆಯಿರಿ. ಸೇಲ್ಸ್‌ನವರ ನಂಬರ್ ಒಂದನ್ನೇ ನಂಬಿಕೊಳ್ಳಬೇಡಿ. ಅವರು ಕೆಲಸ ಬಿಟ್ಟು ಬೇರೆ ಕಡೆ ಸೇರಿದ ದಿನ ನಿಮ್ಮ ಹೆಸರೂ ಅವರ ಡೈರಿಯ ಜೊತೆ ಹೋಗಿರುತ್ತದೆ. ಮ್ಯಾನೇಜರಿಗೂ ಮುಖಪರಿಚಯ ಇರಲಿ. ಎರಡು ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಕು, ವಾರವಾರ ಫೋನ್ ಮಾಡುವವರನ್ನು ಅವರು ಮರುಮಾರಾಟದ ಗಿರಾಕಿ ಎಂದೇ ಎಣಿಸುವುದು. ಭಾರಿ ಬೇಡಿಕೆಯ ಡೇಟೋನಾ ಸ್ಟೀಲ್ ಮಾಡೆಲನ್ನು ಮೊದಲ ವಾಚಾಗಿ ಕೇಳುವುದಂತೂ ಬೇಡ, ನಕ್ಕಾರು.

ಈ ತಲೆನೋವು ಎಲ್ಲ ಬ್ರ್ಯಾಂಡಿನದಲ್ಲ. ಒಮೆಗಾ ಸ್ಪೀಡ್‌ಮಾಸ್ಟರ್, ಗ್ರ್ಯಾಂಡ್ ಸೈಕೊ, ಟ್ಯೂಡರ್‌ನ ಬಹುಪಾಲು ಮಾಡೆಲುಗಳಿಗೆ ಕೈಮುಗಿದು ಕಾಯಬೇಕಿಲ್ಲ. ಕೆಲವು ಬ್ರ್ಯಾಂಡುಗಳಲ್ಲಿ ಚೌಕಾಸಿಯೂ ನಡೆಯುತ್ತದೆ, ಕೇಳಲು ಸಂಕೋಚ ಬೇಡ.

ಫೋನ್ ಬಂತು ಎನ್ನಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬಂದು ತೆಗೆದುಕೊಳ್ಳಿ ಎನ್ನುತ್ತಾರೆ, ದುಡ್ಡಿನ ಗೊಂದಲ ಶುರುವಾಗುವುದು ಆಗ. ಬೆಲೆ ನೀವು ಹೆಸರು ಬರೆಸಿದ ದಿನದ್ದಲ್ಲ, ಬಿಲ್ ಆಗುವ ದಿನದ್ದು. ರೋಲೆಕ್ಸ್ ಸಾಮಾನ್ಯವಾಗಿ ಜನವರಿಯಲ್ಲಿ ದರ ಏರಿಸುತ್ತದೆ. 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಅಂಗಡಿಯವರು ಕಾನೂನಿನ ಪ್ರಕಾರ ಮುಟ್ಟುವಂತಿಲ್ಲ. ಪ್ಯಾನ್ ಕೊಡಲೇಬೇಕು. 10 ಲಕ್ಷ ಮೀರಿದ ವಾಚಿಗೆ 2025ರ ಏಪ್ರಿಲ್ 22ರಿಂದ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ ಇದೆ. 10.5 ಲಕ್ಷದ ವಾಚಿಗೆ 10,500 ರೂಪಾಯಿ ಹೆಚ್ಚು ಕಟ್ಟಬೇಕು. ಇದು ಮುಳುಗುವ ಹಣವಲ್ಲ, ಆದಾಯ ತೆರಿಗೆ ಇಲಾಖೆಯ ನಿಮ್ಮ ಖಾತೆಯಲ್ಲಿ ಕಾಣಿಸುತ್ತದೆ, ರಿಟರ್ನ್ಸ್‌ನಲ್ಲಿ ವಜಾ ಮಾಡಿಕೊಳ್ಳಬಹುದು. ಬ್ಯಾಂಕಿನಿಂದ ವರ್ಗಾಯಿಸುವುದಾದರೆ ಅಂಗಡಿಯ ಖಾತೆಯನ್ನು ಹಿಂದಿನ ದಿನವೇ ಸೇರಿಸಿಡಿ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ 24 ಗಂಟೆ ಹೆಚ್ಚು ಹಣ ಕಳಿಸಲು ಅನೇಕ ಬ್ಯಾಂಕುಗಳು ಬಿಡುವುದಿಲ್ಲ.

ಮೇಜಿನ ಮೇಲೆ ವಾಚು ಇಟ್ಟಾಗ ಕಾಫಿ ಪಕ್ಕಕ್ಕಿರಲಿ, ಮಸೂರ ಕೇಳಿ. ರೋಲೆಕ್ಸ್ ಆದರೆ ಗಾಜಿನ ಕೆಳಗೆ ಡಯಲ್ ಸುತ್ತ ಇರುವ ಲೋಹದ ಒಳ ಅಂಚಿನಲ್ಲಿ, 6 ಗಂಟೆಯ ಜಾಗದಲ್ಲಿ ಸೀರಿಯಲ್ ನಂಬರ್ ಕೊರೆದಿರುತ್ತದೆ. ಅದು, ಹಸಿರು ಗ್ಯಾರಂಟಿ ಕಾರ್ಡಿನ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು. ಕಾರ್ಡಿನ ದಿನಾಂಕ ನೋಡಿ, 5 ವರ್ಷದ ಗ್ಯಾರಂಟಿ ಎಣಿಸುವುದು ಅಲ್ಲಿಂದ. ಕೀ ಬಿಚ್ಚಿ ಮುಳ್ಳು ತಿರುಗಿಸಿ, 12 ದಾಟುವಾಗ ತಾರೀಕು ಸರಿಯಾಗಿ ಹಾರುತ್ತದೆಯೇ ನೋಡಿ, ಮತ್ತೆ ಕೀ ಒತ್ತಿ ತಿರುಪಿ ಮುಚ್ಚಿ. ಅದು ಸಲೀಸಾಗಿ ಹಿಡಿಯಬೇಕು. ಚೈನ್ ಕಡಿಮೆ ಮಾಡುವಾಗ ಎದುರಿಗೇ ಕೂತಿರಿ. ಸ್ಕ್ರೂಗೆ ಹೊಂದದ ಸ್ಕ್ರೂಡ್ರೈವರ್ ಜಾರಿದರೆ ಲಿಂಕಿನ ಪಕ್ಕದಲ್ಲಿ ಗೀರು ಬೀಳುತ್ತದೆ, ಆಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕೈ ಸಂಜೆಗೆ ಸ್ವಲ್ಪ ಊದುತ್ತದೆ, ತೀರಾ ಬಿಗಿ ಮಾಡಿಸಬೇಡಿ. ತೆಗೆದ ಲಿಂಕುಗಳನ್ನು ಎಣಿಸಿ ತೆಗೆದುಕೊಳ್ಳಿ.

ಕೆಲವು ಕಡೆ ಗ್ಯಾರಂಟಿ ಕಾರ್ಡನ್ನು ಒಂದು ವರ್ಷ ತಾವೇ ಇಟ್ಟುಕೊಳ್ಳುತ್ತೇವೆ ಎನ್ನುವುದುಂಟು, ನೀವು ಮಾರದಿರಲಿ ಎಂದು. ಪೂರ್ತಿ ದುಡ್ಡು ಕೊಟ್ಟ ಮೇಲೆ ಇದು ಯಾವ ನ್ಯಾಯ? ಆ ಒಂದು ವರ್ಷದಲ್ಲಿ ವಾಚು ಬೇರೆ ಊರಿನಲ್ಲಿ ಕೆಟ್ಟರೆ ಸರ್ವೀಸ್ ಸೆಂಟರಿಗೆ ತೋರಿಸಲು ಕಾರ್ಡ್ ನಿಮ್ಮ ಬಳಿ ಇರುವುದಿಲ್ಲ. ಒಪ್ಪಲೇಬೇಕಾಗಿ ಬಂದರೆ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಯಾವ ದಿನ ವಾಪಸ್ ಕೊಡುತ್ತಾರೆ ಎಂದು ಬಿಲ್ಲಿನ ಮೇಲೆ ಬರೆಸಿ ಸೀಲು ಹಾಕಿಸಿ.

ದುಬೈಗೋ ಸಿಂಗಪುರಕ್ಕೋ ಹೋದಾಗ ತಂದರಾಯಿತು ಎನ್ನುವವರಿಗೆ ಎರಡು ಮಾತು. ಬೇಡಿಕೆಯ ಮಾಡೆಲುಗಳನ್ನು ಅಲ್ಲಿಯೂ ಊರಿನ ಗಿರಾಕಿಗಳಿಗೇ ಮೊದಲು ಕೊಡುವುದು. ಸಿಕ್ಕಿತೆಂದುಕೊಂಡರೂ ದುಬೈಯಲ್ಲಿ ಶೇ 5, ಸಿಂಗಪುರದಲ್ಲಿ ಶೇ 9 ತೆರಿಗೆಯ ರೀಫಂಡ್ ಎಂದು ಹಿಗ್ಗಿದ್ದು ಇಲ್ಲಿ ಕಸ್ಟಮ್ಸ್ ಸುಂಕ ಕಟ್ಟುವಾಗ ಇಳಿದುಹೋಗುತ್ತದೆ. ಕೈಗೆ ಕಟ್ಟಿಕೊಂಡು, ಸುಂಕ ಕಟ್ಟುವ ಸಾಮಾನು ಇಲ್ಲದವರ ದಾರಿಯಾದ ಗ್ರೀನ್ ಚಾನೆಲ್‌ನಲ್ಲಿ ನಡೆದುಬಂದರೆ ಆಯಿತೆಂದು ಸಲಹೆ ಕೊಡುವವರಿದ್ದಾರೆ. ಸಿಕ್ಕಿಬಿದ್ದರೆ ವಾಚು ಮುಟ್ಟುಗೋಲಾಗುತ್ತದೆ, ದಂಡ ಬೇರೆ. ಇಲ್ಲೇ ಕೊಂಡ ವಾಚು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಕೂಡ, ವಾಪಸ್ ಬರುವಾಗ ಅದಕ್ಕೆ ಸುಂಕ ಕೇಳದಿರಲಿ ಎಂದು, ಹೊರಡುವಾಗ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಬಿಲ್ಲು, ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಚೆಕ್-ಇನ್‌ಗಿಂತ ಒಂದು ಗಂಟೆ ಮುಂಚೆ ಹೋಗಿ.